ಐವತ್ತೆಂಟನೆಯ ನಳ

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ದೊಡ್ಡ ಅಧಿಕಾರಿಯೊಬ್ಬರ ವೃತ್ತಿಯ ಬಗ್ಗೆ ಬರೆಯಬೇಕಾದವರು ಅವರ ಸರಿಸಮಾನರು. ನಾನು ಅವರ ಕೈಕೆಳಗೆ ಇಪ್ಪತ್ತೊಂದು ವರ್ಷ ಬೆರಳಚ್ಚು ಮಾಡಿದವನು, ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದವನು. ಯಾವ ಮಾತು ಮೊದಲು ಬರಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ಈಗಲೂ ಸರಿಯಾಗಿ ತಿಳಿಯದು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ. ಹೆಸರು ಮುಚ್ಚುವುದು ನನ್ನ ಕೆಲಸವಾಗಿತ್ತು. ಇಲ್ಲಿ ಹೆಸರು ಹೇಳದೆ ಗತಿಯಿಲ್ಲ. ಊರಿನ ಹೆಸರನ್ನಾದರೂ ಮುಚ್ಚಿಟ್ಟಿದ್ದೇನೆ, ಅಷ್ಟಕ್ಕೆ ನನ್ನನ್ನು ಮನ್ನಿಸಬೇಕು.

ನಮ್ಮೂರಿನಲ್ಲಿ ನೀರು ಕರೆದರೆ ಬರುತ್ತದೆ. ಊರ ಪಕ್ಕದ ದಿಬ್ಬದ ಮೇಲೆ ನೀರಿನ ಟಾಕಿ ಇದೆ. ಅಲ್ಲಿಂದ ಆರುನೂರಾ ನಲವತ್ತು ಮನೆಗಳಿಗೆ ಕಬ್ಬಿಣದ ಪೈಪು ಹೋಗಿವೆ, ವಾಲ್ವುಗಳೂ ಇವೆ. ವಾಲ್ವು ತಿರುಗಿಸಿದರೆ ಬರುವುದು ಗಾಳಿ ಮಾತ್ರ. ಟಾಕಿಯ ನೆತ್ತಿಯ ಮೇಲಿರುವ ಕಿಂಡಿಗೆ ಬಾಯಿಟ್ಟು ಮನೆಯ ಯಜಮಾನನನ್ನೋ ಯಜಮಾನತಿಯನ್ನೋ ಕೂಗಿದರೆ, ಆ ಮನೆಯ ನಳದಲ್ಲಿ ಹನ್ನೆರಡು ಕೊಡದಷ್ಟು ನೀರು ಬಂದು ನಿಲ್ಲುತ್ತದೆ. ಹಿಂದೊಮ್ಮೆ ಹೊರಗಿನಿಂದ ಎಂಜಿನಿಯರರೊಬ್ಬರು ಬಂದು ಎರಡು ದಿನ ಅಳತೆ ಮಾಡಿ, ಇಳಿಜಾರು ಸರಿಯಾಗಿದೆ ಎಂದು ಬರೆದುಕೊಟ್ಟು ಹೋದರು. ಅದನ್ನು ನಾನೇ ಟೈಪು ಮಾಡಿದ್ದು.

ರೇಷನ್ ಕಾರ್ಡಿನ ಹೆಸರಿಗೆ ನೀರು ಬರುವುದಿಲ್ಲ. ಕರೆಯುವವರು ಒಬ್ಬರಾದರೂ ಇರಬೇಕು, ಆ ಕರೆಗೆ ಆ ಮನುಷ್ಯ ಓಗೊಡುತ್ತಿರಬೇಕು, ಅಂಥ ಹೆಸರೇ ಆಗಬೇಕು. ಹೀಗಾಗಿ ಹಿರಿಯ ಕೂಗುವವರಾದ ಹಜರೇಸಾಬರು ಬೆಳಗಿನ ಐದೂವರೆಗೆ ಟಾಕಿಯ ಮೇಲೆ ನಿಂತು, 'ಸೈಕಲ್ ರುದ್ರಯ್ಯಾ', 'ಕೆಂಪು ಬಾಗಿಲ ಕಾಕೂ', 'ಅರ್ಧಾ ಮೀಸಿ ಮಾಸ್ತರಾ' ಎಂದು ಶುರುಮಾಡುತ್ತಿದ್ದರು. ನಮ್ಮ ಮನೆಗೆ ನೀರು ಬರುತ್ತಿದ್ದುದು 'ತಪ್ಪಾತೇನ್ರಿ ಮುರಿಗೆಪ್ಪ' ಎಂಬ ಹೆಸರಿಗೆ. ನನ್ನ ಹೆಸರು ಮುರಿಗೆಪ್ಪ. ಯಾವ ಕೆಲಸ ಮುಗಿಸಿದರೂ 'ತಪ್ಪಾತೇನ್ರಿ?' ಎಂದು ಕೇಳುವ ಚಟ ನನಗಿದೆ.

ಇಂದುಮತಿ ಸಂಕಣ್ಣವರ ಎಂಬ ಅಧಿಕಾರಿಗೂ ಈ ನೀರಿಗೂ ಆಗ ಸಂಬಂಧವಿರಲಿಲ್ಲ. ಅವರು ಚೀಟಿ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಕಚೇರಿಯ ಮುಖ್ಯಸ್ಥೆ. ಊರ ಜನ ಕೂಡಿಹಾಕುವ ಚೀಟಿಗಳು ನೆಟ್ಟಗೆ ನಡೆಯುತ್ತಿವೆಯೇ ಎಂದು ನೋಡುವುದು, ನಡೆಯದಿದ್ದರೆ ಮುಚ್ಚಿಸುವುದು ಅವರ ಕೆಲಸ. ನಾವು ಅವರನ್ನು ಬಾಯಾರು ಎನ್ನುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನ ಮುಂದೆ ಒಂದು ಡಬ್ಬಿ ಮೈದಾ ಅಂಟು, ಒಂದು ಕಟ್ಟು ಕಂದು ಕಾಗದದ ಪಟ್ಟಿ ಇಟ್ಟರು.

"ಟೈಪು ಆಮ್ಯಾಲೆ. ಮೊದಲ ಇದನ್ನ ಕಲೀರಿ," ಎಂದರು. "ನನ್ನ ಟೇಬಲ್ಲಿಗೆ ಬರೂ ಯಾವ ಕಡತದಾಗೂ ಹೆಸರು ಕಾಣಬಾರದು. ಸಂಸ್ಥೆ ಹೆಸರು, ಮಾಲಕರ ಹೆಸರು, ಎಲ್ಲಾದರ ಮ್ಯಾಲೂ ಪಟ್ಟಿ ಹಚ್ರಿ. ನಂಬರ್ ಅಷ್ಟ ಇರಲಿ."

"ಯಾಕ್ರಿ ಬಾಯಾರ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಹೆಸರು ಕಂಡ ಕೂಡಲೇ ಕಣ್ಣು ಓದೂದು ಬಿಡ್ತದ," ಎಂದರು. "ನಂದಷ್ಟ ಅಲ್ಲ, ಯಾರದಾದ್ರೂ."

ಆದೇಶಕ್ಕೆ ಸಹಿಯಾದ ಮೇಲೆ, ಟಪಾಲಿಗೆ ಹಾಕುವ ಮುಂಚೆ, ನಾನು ಅವರ ಎದುರಿಗೇ ಒದ್ದೆ ಬಟ್ಟೆಯಿಂದ ಪಟ್ಟಿ ಬಿಡಿಸಬೇಕು. ಆಗ ಅವರು ಹೆಸರನ್ನು ಒಮ್ಮೆ ಓದಿ, 'ಟಪಾಲಿಗೆ ಹಾಕ್ರಿ' ಎನ್ನುವರು. ಸ್ನೇಹಿತೆಯ ಗಂಡನ ಸಂಸ್ಥೆ ಮುಚ್ಚಿದಾಗಲೂ ಹಾಗೆಯೇ, ಅವರ ಮೇಲೆ ಅರ್ಜಿ ಗುಜರಾಯಿಸಿದವನ ಸಂಸ್ಥೆಗೆ ಒಪ್ಪಿಗೆ ಕೊಟ್ಟಾಗಲೂ ಹಾಗೆಯೇ.

ನಾಲ್ಕನೆಯ ವರ್ಷ ಐವತ್ತೆಂಟನೆಯ ಸಂಖ್ಯೆಯ ಸಂಸ್ಥೆಯ ಕಡತ ಬಂತು. ಒಂದೇ ಭದ್ರತಾ ಠೇವಣಿಯನ್ನು ಎರಡು ಚೀಟಿಗಳಿಗೆ ತೋರಿಸಿದ್ದರು. ಜನರಿಗೆ ಆಗಿನ್ನೂ ನಷ್ಟವಾಗಿರಲಿಲ್ಲ, ಆದರೆ ಆಗಬಹುದಿತ್ತು. ಬಾಯಾರು ಮೂರು ದಿನ ಓದಿ, ಸಂಸ್ಥೆಯನ್ನು ಮುಚ್ಚಬೇಕು, ಮಾಲಕರು ಇನ್ನು ಮುಂದೆ ಚೀಟಿ ನಡೆಸಕೂಡದು ಎಂದು ಸಹಿ ಮಾಡಿದರು. ನಾನು ಪಟ್ಟಿ ಬಿಡಿಸಿದೆ. ಕೆಳಗಿದ್ದುದು ಅವರ ಸ್ವಂತ ಅಣ್ಣ ದುಂಡಪ್ಪನವರ ಹೆಸರು. ಬಾಯಾರು ಓದಿದರು. ಲೋಟದಲ್ಲಿದ್ದ ನೀರು ಕುಡಿದರು. "ಟಪಾಲಿಗೆ ಹಾಕ್ರಿ," ಎಂದರು.

ಮರುವಾರ ದುಂಡಪ್ಪನವರು ಕಚೇರಿಗೆ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ. ಬಾಗಿಲಲ್ಲೇ ನಿಂತರು.

"ಇಂದೂ, ನಂದ ಅಂತ ಗೊತ್ತಿತ್ತೇನು?"

"ನನ್ನ ಟೇಬಲ್ ಮ್ಯಾಲೆ ಐವತ್ತೆಂಟು ಇತ್ತು ಅಣ್ಣಾ. ನೀ ಇರಲಿಲ್ಲ."

ಅವರು ಬಾಗಿಲ ಚೌಕಟ್ಟಿನಿಂದ ಕೈ ತೆಗೆದರು. "ಹೌದು," ಎಂದರು. "ನಾ ಇರಲಿಲ್ಲ." ಹೊರಟುಹೋದರು. ಆ ದಿನದಿಂದ ಅಣ್ಣ ತಂಗಿ ಮಾತಾಡಲಿಲ್ಲ. ದುಂಡಪ್ಪನವರು ಪೇಟೆಯ ಮನೆ ಮಾರಿ ಎಣ್ಣೆ ಗಿರಣಿಯ ಓಣಿಯಲ್ಲಿ ಸಣ್ಣ ಮನೆ ಹಿಡಿದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಜರೇಸಾಬರು ಅವರನ್ನು 'ಚೀಟಿ ದುಂಡಪ್ಪಾ' ಎಂದು ಕೂಗುತ್ತಿದ್ದರು, ನೀರು ಹೋಗುತ್ತಿತ್ತು. ಬಾಯಾರ ಮುಂದೆ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಹೀಗೆ ಹದಿನೇಳು ವರ್ಷ ಕಳೆಯಿತು. ಅಷ್ಟರಲ್ಲಿ ನೀರಿನ ಜಗಳ ಹೆಚ್ಚಾಗಿತ್ತು. ಮೊದಲು ಕೂಗಿದವರಿಗೆ ರಭಸದ ತಿಳಿನೀರು, ಕೊನೆಗೆ ಕೂಗಿದವರಿಗೆ ತಳದ ಕೆಂಪು ನೀರು. ಯಾರನ್ನು ಮೊದಲು ಕೂಗಬೇಕೆಂಬುದು ಐದು ಜನ ಕೂಗುವವರ ಮರ್ಜಿ. ಪೇಟೆಯ ಓಣಿಯವರನ್ನು ಮೊದಲು ಕೂಗಿ, ಮರೆತವರಂತೆ ಎರಡನೆಯ ಸಲವೂ ಕೂಗುತ್ತಾರೆ ಎಂದು ಗಿರಣಿ ಓಣಿಯ ಹೆಂಗಸರು ಖಾಲಿ ಕೊಡ ಹೊತ್ತು ಪುರಸಭೆಗೆ ನುಗ್ಗಿದರು. ಪುರಸಭೆ ಬೇಸತ್ತು ನೀರಿಗೊಂದು ಕಂಪನಿ ಮಾಡಿ, ಬಾಯಾರನ್ನೇ ಅದರ ವ್ಯವಸ್ಥಾಪಕ ನಿರ್ದೇಶಕಿ ಮಾಡಿತು. ಒಡಹುಟ್ಟಿದವನನ್ನೂ ಬಿಡದವರು ಪಕ್ಷಪಾತ ಮಾಡಲಾರರು ಎಂಬುದು ಲೆಕ್ಕಾಚಾರ. ಅವರು ನನ್ನನ್ನೂ ಅಂಟಿನ ಡಬ್ಬಿಯನ್ನೂ ಜೊತೆಗೆ ಕರೆದುಕೊಂಡು ಹೋದರು.

ಮೊದಲ ವಾರವೇ ಅವರು ಆದೇಶ ಮಾಡಿದರು. ಪ್ರತಿ ಮನೆಗೂ ಒಂದು ಸಂಖ್ಯೆ. ಇನ್ನು ಹೆಸರು ಕೂಗುವಂತಿಲ್ಲ, ಸಂಖ್ಯೆ ಕೂಗಬೇಕು. ಇವತ್ತು ಒಂದರಿಂದ ಶುರುವಾದರೆ ನಾಳೆ ಎಂಟರಿಂದ, ನಾಡಿದ್ದು ಹದಿನೈದರಿಂದ, ಹೀಗೆ ಸುತ್ತು ತಿರುಗಬೇಕು. ಸಂಖ್ಯೆ ಹಾಕಲು ನನ್ನನ್ನೇ ಕಳಿಸಿದರು. ಸುಣ್ಣದ ಡಬ್ಬಿ, ಕುಂಚ ಹಿಡಿದು ಮನೆಮನೆ ತಿರುಗಿದೆ. ಗಿರಣಿ ಓಣಿಗೆ ಬಂದಾಗ ಐವತ್ತಾರು, ಐವತ್ತೇಳು ಹಾಕಿ ಮುಂದಿನ ಬಾಗಿಲ ಪಕ್ಕದ ಗೋಡೆಗೆ ಕುಂಚ ಎತ್ತಿದೆ. ಅದು ದುಂಡಪ್ಪನವರ ಬಾಗಿಲು.

ಅಲ್ಲಿ ನಾನು ಬಹಳ ಹೊತ್ತು ನಿಂತೆ. ಓಣಿಯ ಆಚೆ ಬದಿಯಿಂದ ಶುರುಮಾಡಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಒಂದನ್ನು ಬಿಟ್ಟು ಐವತ್ತೊಂಬತ್ತು ಬರೆಯಬಹುದಿತ್ತು. ಆದರೆ ಒಬ್ಬರಿಗಾಗಿ ಸಾಲು ತಪ್ಪಿಸಿದರೆ ಅದೂ ಪಕ್ಷಪಾತವಲ್ಲವೇ? ಐವತ್ತೆಂಟು ಎಂದು ಬರೆದೆ. ಈಗಲೂ ಅದು ಸರಿಯೋ ತಪ್ಪೋ ನನಗೆ ತಿಳಿಯುವುದಿಲ್ಲ.

ಮೊದಲ ದಿನ ಹಜರೇಸಾಬರು ಕಿಂಡಿಗೆ ಬಾಯಿಟ್ಟು "ಒಂದೂ..." ಎಂದು ಕೂಗಿದರು. ಎಲ್ಲೂ ನೀರಿಲ್ಲ. "ಎರಡೂ..." ಇಲ್ಲ.

"ಬಾಯಾರ," ಎಂದು ಮೇಲಿಂದಲೇ ಕೇಳಿದರು, "ಅದಕ್ಕ ಲೆಕ್ಕ ಬರೂದಿಲ್ಲ ಕಾಣ್ತದ. ಸಾಲಿಗೆ ಹಾಕಿ ಕಲಸೂನೇನು?"

ಕೆಳಗಿದ್ದವರೆಲ್ಲ ನಕ್ಕರು. ಬಾಯಾರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತಲೆ ಎತ್ತಿ ಟಾಕಿಯನ್ನು ನೋಡುತ್ತ ನಿಂತರು. ಆಮೇಲೆ, "ನೀರಿಂದೇನೂ ತಪ್ಪಿಲ್ಲ," ಎಂದರು. "ಆ ನಂಬರಿನಿಂದ ಯಾರೂ ಯಾರನ್ನೂ ಕರೀತಿಲ್ಲ. ಕರೀಬೇಕು."

ಮೂರು ತಿಂಗಳು ಗಡುವು ಕೊಟ್ಟರು. ಊರಲ್ಲಿ, ಮನೆಯಲ್ಲಿ, ಸಂತೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಸಂಖ್ಯೆಯಿಂದ ಕರೆಯಬೇಕು. ಅಲ್ಲಿಯವರೆಗೆ ಸಂಖ್ಯೆಗೆ ಬಾರದ ನೀರನ್ನು ಹೆಸರಿನಿಂದ ಕರೆಯಲು ಸಡಿಲಿಕೆ. ಗಡುವು ಮುಗಿದ ಮೇಲೆ ಏಳನೆಯ ನಿಯಮ ಜಾರಿಗೆ ಬರುತ್ತದೆ: ಹೆಸರಿನಿಂದ ನೀರು ಕರೆದವರು, ಯಾರೇ ಆಗಿರಲಿ, ಕೆಲಸದಿಂದ ವಜಾ.

ಜನ ಮೊದಲು ಬೈದರು, ಆಮೇಲೆ ಆಡಿಕೊಂಡರು, ಆಮೇಲೆ ಅದೇ ರೂಢಿಯಾಯಿತು. ನನ್ನ ಹೆಂಡತಿ ಸಾವಕ್ಕ ಮೊದಲ ದಿನವೇ, "ನಲವತ್ತೊಂದೂ, ಚಹಾ ಆರಾಕತ್ತೇತಿ," ಎಂದು ಕೂಗಿದಳು. ನಾನು ಓ ಎನ್ನಲಿಲ್ಲ. "ಹೆಸರು ಬದಲಿ ಆದ ಮ್ಯಾಲರ ತಪ್ಪಾತೇನ್ರಿ ಅನ್ನೂದು ಬಿಡ್ತೀರಿ ಅಂದ್ಕೊಂಡಿದ್ದೆ," ಎಂದಳು. "ಈಗ ಓ ಅನ್ನೂದನ್ನೂ ಬಿಟ್ರಿ." ಮೊದಲು ನೀರು ಬಂದದ್ದು ಶಾಲೆಯ ಹಿಂದಿನ ಓಣಿಗೆ, ಅಲ್ಲಿ ಮಕ್ಕಳು ಆಟದಲ್ಲೇ ಕಲಿತುಬಿಟ್ಟಿದ್ದವು. ಒಂದು ಮದುವೆಯಲ್ಲಿ 'ಮುನ್ನೂರಾ ಹನ್ನೆರಡರ ಮಗಳನ್ನು ನಾನೂರಾ ಆರರ ಮಗನಿಗೆ' ಎಂದು ಕರೆಯೋಲೆ ಅಚ್ಚಾಯಿತು. ಆ ಎರಡೂ ಮನೆಗಳಿಗೆ ಮರುದಿನವೇ ಸಂಖ್ಯೆಗೆ ನೀರು ಬಂತು.

ಬಾಯಾರ ಆದೇಶದಿಂದ ಒಳ್ಳೆಯದಾಯಿತು ಎಂಬುದನ್ನು ಮರೆಸಬಾರದು. ಗಿರಣಿ ಓಣಿಯವರು ಹುಟ್ಟಿದಂದಿನಿಂದ ನೋಡಿರದ ತಿಳಿನೀರನ್ನು ಸರದಿಯ ದಿನ ಕಂಡರು. ಪೇಟೆಯವರಿಗೆ ಎರಡನೆಯ ಕೂಗು ನಿಂತಿತು. ಕೊಡ ಹಿಡಿದ ಜಗಳ ನಿಂತಿತು. ಬೇರೆ ಊರುಗಳಿಂದ ಜನ ಬಂದು ನೋಡಿಕೊಂಡು ಹೋದರು. ಬಾಯಾರಿಗೆ ಸನ್ಮಾನವಾಯಿತು. ಅವರು ಶಾಲು ಮಡಚಿ ನನ್ನ ಕೈಗೆ ಕೊಟ್ಟು, "ಇನ್ನ ಎಷ್ಟು ಮನಿ ಉಳಿದಾವ?" ಎಂದು ಕೇಳಿದರು.

"ಒಂದ ರೀ," ಎಂದೆ. "ಐವತ್ತೆಂಟು."

ಅವರ ಮುಖದಲ್ಲಿ ಏನಾದರೂ ಬದಲಾಯಿತೇ ಎಂದು ನಾನು ನೋಡಿದೆ. ನನಗೆ ಕಾಣಲಿಲ್ಲ. "ಹೋಗಿ ವಿಚಾರಿಸ್ರಿ," ಎಂದರು.

ಗಡುವು ಮುಗಿದು ಒಂಬತ್ತು ದಿನವಾಗಿತ್ತು. ಅಷ್ಟರಲ್ಲಿ ಇನ್ನೊಂದು ವಿಷಯ ಹಜರೇಸಾಬರಿಂದ ತಿಳಿಯಿತು. ಗಡುವಿನ ಕೊನೆಯ ದಿನ ಅವರು 'ಚೀಟಿ ದುಂಡಪ್ಪಾ' ಎಂದು ಎರಡು ಸಲ ಕೂಗಿದರೂ ನೀರು ಹೋಗಿರಲಿಲ್ಲ. "ಸವೆದ ಹೆಸರಿಗೆ ನೀರು ಬರೂದಿಲ್ಲ ಮುರಿಗೆಪ್ಪ," ಎಂದರು. "ಮೂರು ತಿಂಗಳು ಊರಾಗ ಯಾರೂ ಅವರನ್ನ ಹಂಗ ಕರೆದಿಲ್ಲ. ನಂಬರಿನಿಂದ ಕರೆದ್ರ ಅವರು ಓ ಅನ್ನೂದಿಲ್ಲ."

ದುಂಡಪ್ಪನವರು ಜಗಲಿಯ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದರು. ಪಕ್ಕದ ಮನೆಯ ತಂಗೆವ್ವ ಒಂದು ಕೊಡ ನೀರು ತಂದು ಅವರ ಬಾಗಿಲಲ್ಲಿ ಇಳಿಸಿ, ಮೊಣಕಾಲು ಹಿಡಿದುಕೊಂಡು ನಿಂತಿದ್ದಳು.

"ಕಂಪನಿಯವರು ಬಂದ್ರು ನೋಡ್ರಿ," ಎಂದಳು. "ಇವರಿಗೆ ನೀವರ ಹೇಳ್ರಿ. ನಾ ದಿನಾ ಐವತ್ತೆಂಟೂ, ಐವತ್ತೆಂಟೂ ಅಂತ ಕರೀತೀನಿ. ಓ ಅಂದ್ರ ಅವರ ಗಂಟೇನು ಹೋಗ್ತದ? ಕಲ್ಲಿನಂಗ ಕುಂದರ್ತಾರ."

"ಕೊಡ ಇಟ್ಟಿ, ಉಪಕಾರ ಆತು. ಮನಿಗೆ ಹೋಗು ತಂಗೆವ್ವಾ," ಎಂದರು ದುಂಡಪ್ಪನವರು.

"ಹುಣ್ಣಿವಿ ಆದ ಮ್ಯಾಲೆ ಮಗಳ ಬಾಣಂತನಕ್ಕ ಹೋಗ್ತೀನಿ. ಆಮ್ಯಾಲೆ ಯಾರು ತಂದಿಡ್ತಾರ? ನಿಮ್ಮ ಸೊಕ್ಕು ತಂದಿಡ್ತದೇನು?" ಎಂದು ಆಕೆ ಒಳಗೆ ಹೋದಳು.

ನಾನು ಕೈಮುಗಿದು ಹೇಳಿದೆ: "ಸಾಹೇಬರ, ಓ ಅಂದ್ರ ಮುಗೀತು. ನಲವತ್ತು ದಿನ ನೀರು ಬರದಿದ್ದ ಮನಿ ಪಟ್ಟಿಯಿಂದ ತಗೀಬೇಕು ಅಂತ ನಿಯಮ ಅದ. ಪೈಪು ಕತ್ತರಸ್ತಾರ. ಒಂಬತ್ತು ದಿನ ಆತು."

ಅವರು ಒಂದು ಬಟಾಣಿ ಕಾಯಿ ಸುಲಿದು ಕಾಳುಗಳನ್ನು ಎಣಿಸುವವರಂತೆ ನೋಡಿದರು. "ನೀ ಅಲ್ಲೇನು, ಆವಾಗ ಪಟ್ಟಿ ಬಿಡಿಸಿದಾವ?"

"ಹೌದ್ರಿ."

"ಈ ಗ್ವಾಡಿ ಮ್ಯಾಲೆ ಬರೆದಾವನೂ ನೀನ?"

"ಹೌದ್ರಿ. ಸಾಲು ಹಂಗ ಬಂತು. ತಪ್ಪಾತೇನ್ರಿ?"

ಅವರು ನಕ್ಕರು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ನಂದು ಆವಾಗ ತಪ್ಪಿತ್ತು. ಮುಚ್ಚಿದ್ದು ಸರಿ," ಎಂದರು. "ಆದ್ರ ಒಮ್ಮೆ ಐವತ್ತೆಂಟು ಆಗೀನಿ. ಸಾಕು. ಇನ್ನೊಮ್ಮೆ ಆಗೂದಿಲ್ಲ. ನನ್ನ ಹೆಸರು ಹಿಡಿದು ಕರೀರಿ ಅಂತ ಹೇಳು, ನೀರು ಬರ್ತದ."

ವರದಿಯಲ್ಲಿ ನಾನು 'ಮನೆಯವರು ಸಂಖ್ಯೆಗೆ ಓಗೊಡಲು ಒಪ್ಪುತ್ತಿಲ್ಲ' ಎಂದು ಮಾತ್ರ ಬರೆದೆ. ಪಟ್ಟಿಯ ಕೆಳಗಿನ ಹೆಸರನ್ನು ಅಧಿಕಾರಿಗೆ ತಿಳಿಸಿದವನೂ ವಜಾ ಎಂಬ ನಿಯಮವೂ ಇತ್ತು. ಇಪ್ಪತ್ತೊಂದು ವರ್ಷ ಒಂದು ಹೆಸರನ್ನೂ ಬಾಯಿಬಿಟ್ಟವನಲ್ಲ ನಾನು. ಮೂವತ್ತು ದಿನ ಹೀಗೇ ಕಳೆಯಿತು. ಸಾವಕ್ಕ ದಿನವೂ ಕೇಳುತ್ತಿದ್ದಳು.

"ಹೇಳಿದ್ರೇನು?"

"ಹೇಳೂ ಹಂಗಿಲ್ಲ."

"ಬಾಯಾರಿಗೆ ಗೊತ್ತಿಲ್ಲೇನು, ಐವತ್ತೆಂಟು ಯಾರಂತ?"

"ಗೊತ್ತಿದ್ರೂ ಇರಬಹುದು. ಗೊತ್ತಿರಲಿಕ್ಕಿಲ್ಲ."

"ನಲವತ್ತೊಂದೂ," ಎಂದಳು, "ಆ ಮುದುಕ ಮುಖಾ ತೊಳೀಲಿಕ್ಕ ನೀರಿಲ್ಲದ ಕುಂತಾನ. ನೀವು ಅಂಟು ಕಾಸಕೋತ ಕುಂತೀರಿ."

ತಂಗೆವ್ವ ಹುಣ್ಣಿಮೆ ಕಳೆದು ಮಗಳ ಊರಿಗೆ ಹೋದಳು. ದುಂಡಪ್ಪನವರು ಬೆಳಿಗ್ಗೆ ಎರಡು ಚೊಂಬು ಹಿಡಿದು ಗಿರಣಿಯ ತೊಟ್ಟಿಗೆ ಹೋಗುವುದನ್ನು ನಾನು ಕಂಡೆ. ಅಂಗಿ ಇಸ್ತ್ರಿಯಾಗಿರಲಿಲ್ಲ.

ನಲವತ್ತನೆಯ ದಿನ ಪೈಪು ಕತ್ತರಿಸುವ ಆದೇಶದ ಕಡತ ಸಿದ್ಧವಾಯಿತು. ಅದರಲ್ಲಿ ಮನೆಯವರ ಹೆಸರಿರಲೇಬೇಕು. ಟೈಪು ಮಾಡಿದೆ. ಅಂಟು ಕಾಸಿ ಪಟ್ಟಿ ಹಚ್ಚಿದೆ. ಆ ದಿನ ಅಂಟು ತೆಳುವಾಗಿತ್ತು. ಮೈದಾ ಕಡಿಮೆ ಬಿತ್ತೋ, ನೀರು ಹೆಚ್ಚಾಯಿತೋ, ನನ್ನ ಕೈ ಬೇಕೆಂದೇ ಹಾಗೆ ಮಾಡಿತೋ, ದೇವರಾಣೆ ಹೇಳಲಾರೆ. ಕಡತವನ್ನು ಬಾಯಾರ ಮುಂದಿಟ್ಟಾಗ ಮೇಲೆ ಫ್ಯಾನು ತಿರುಗುತ್ತಿತ್ತು. ಪಟ್ಟಿಯ ಒಂದು ಮೂಲೆ ಎದ್ದಿತು. ಆಮೇಲೆ ಅರ್ಧ ಎದ್ದಿತು.

ಬಾಯಾರು ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದರು. ಅವರ ಕಣ್ಣು ಕಾಗದದ ಮೇಲಿತ್ತೋ ಕಿಟಕಿಯ ಮೇಲಿತ್ತೋ, ನಾನು ತಲೆ ತಗ್ಗಿಸಿಕೊಂಡಿದ್ದೆ. ಬಹಳ ಹೊತ್ತು ಹಿಡಿದೇ ಇದ್ದರು.

"ಮುರಿಗೆಪ್ಪನವರ."

"ರೀ."

"ಅಂಟು ಸರಿ ಮಾಡ್ರಿ."

"ತಪ್ಪಾತೇನ್ರಿ?"

ಅವರು ಕಡತಕ್ಕೆ ಸಹಿ ಹಾಕಲಿಲ್ಲ. ಮೂಲೆಯಲ್ಲಿ 'ನಾಳೆ' ಎಂದು ಬರೆದು ಬದಿಗಿಟ್ಟರು. ಅವರು ಕಡತವನ್ನು ಮರುದಿನಕ್ಕೆ ತಳ್ಳಿದ್ದು ನಾನು ಅದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ಐದೂವರೆಗೆ ನನಗೆ ದಿಬ್ಬಕ್ಕೆ ಬರಲು ಹೇಳಿದ್ದರು. ಹೋದಾಗ ಅವರು ಆಗಲೇ ಬಂದು ಚಪ್ಪಲಿ ಬಿಟ್ಟು ಮೆಟ್ಟಿಲ ಬಳಿ ನಿಂತಿದ್ದರು. "ಹಜರೇಸಾಬರ, ಎಲ್ಲಾರೂ ಕೆಳಗ ಇಳೀರಿ," ಎಂದರು.

"ನಾ ಹಿಡ್ಕೋತೀನಿ ಬಾಯಾರ, ಮ್ಯಾಲೆ ಪಾಚಿ ಅದ. ಕಾಲು ಜಾರ್ತದ."

"ಎಲ್ಲಾರೂ ಅಂದೆ. ಬೇವಿನ ಗಿಡದ ಆಚೆ ಹೋಗಿ ನಿಲ್ರಿ. ಮುರಿಗೆಪ್ಪನವರ, ನೀವೂ."

ಐದು ಜನ ಕೂಗುವವರು, ನಾನು, ಆರೂ ಮಂದಿ ಬೇವಿನ ಮರದ ಆಚೆ ನಿಂತೆವು. ಬಾಯಾರಿಗೆ ಆಗ ಐವತ್ತೊಂಬತ್ತು ವರ್ಷ. ನಲವತ್ತನಾಲ್ಕು ಮೆಟ್ಟಿಲು. ನಡುನಡುವೆ ನಿಂತು ಉಸಿರು ಬಿಟ್ಟು ಏರಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಕಿಂಡಿಗೆ ಬಾಯಿಟ್ಟರು. ಅವರು ಕೂಗಿದರು ಎಂಬುದು ಬೆನ್ನು ಅಲುಗಿದ್ದರಿಂದ ತಿಳಿಯಿತು. ಸದ್ದು ನಮಗೆ ಕೇಳಿಸಲಿಲ್ಲ. ಒಮ್ಮೆ ಕೂಗಿ ಸುಮ್ಮನಾದರು. ಇನ್ನೊಮ್ಮೆ ಕೂಗಿದರು. ನಮ್ಮ ಕಾಲಡಿಯ ಪೈಪು ಝುಂ ಎಂದಿತು.

ನಾನು ಸೈಕಲ್ಲು ಹತ್ತಿ ಗಿರಣಿ ಓಣಿಗೆ ಹೋದೆ. ಐವತ್ತೆಂಟನೆಯ ಮನೆಯ ನಳದಿಂದ ನೀರು ಸುರಿಯುತ್ತಿತ್ತು. ಕೊಡ ಇರಲಿಲ್ಲ. ದುಂಡಪ್ಪನವರು ಅಂಗಳದಲ್ಲಿ ನಿಂತು, ಕಲ್ಲಿನ ಮೇಲೆ ಬಿದ್ದು ಗಟಾರಕ್ಕೆ ಹರಿಯುತ್ತಿದ್ದ ತಿಳಿನೀರನ್ನು ನೋಡುತ್ತಿದ್ದರು.

"ಯಾರು ಕರೆದ್ರು?" ಎಂದು ಕೇಳಿದರು.

"ಕಂಪನಿಯವರ ರೀ."

"ಆ ಹೆಸರಿನಿಂದ ಕಂಪನಿ ಕರೀತದೇನೋ ಹುಚ್ಚಪ್ಪಾ?"

"ನಿಮಗ ಕೇಳಿಸ್ತೇನ್ರಿ?" ಎಂದೆ. ಎರಡು ಮೈಲಿ ದೂರದ ದಿಬ್ಬ ಅದು.

ಅವರು ಒಳಗೆ ಹೋಗಿ ಕೊಡ ತಂದರು. ಅದು ತುಂಬುವವರೆಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತರು. ಆಮೇಲೆ ಇನ್ನೊಂದು ಕೊಡ ತಂದರು.

ಐವತ್ತೆಂಟಕ್ಕೆ ಹೆಸರಿನಿಂದ ನೀರು ಹೋಯಿತು ಎಂಬ ಸುದ್ದಿ ಮಧ್ಯಾಹ್ನದೊಳಗೆ ಊರಿಗೆಲ್ಲ ಹಬ್ಬಿತು. ಪೇಟೆಯವರು ಇಂಥದಕ್ಕಾಗಿಯೇ ಕಾದಿದ್ದರು. 'ನಮ್ಮ ಹೆಸರು ಕಸಿದು ಒಂದು ಮನೆಗೆ ಮಾತ್ರ ಹೆಸರೇ?' ಎಂದು ನೂರಾರು ಸಹಿಯ ಅರ್ಜಿ ಬಂತು. ಸುಳ್ಳೆನ್ನುವಂತಿರಲಿಲ್ಲ. ಅರ್ಜಿಯಿಂದ ಕಡತವಾಯಿತು. ನಾನು ಗಟ್ಟಿಯಾಗಿ ಅಂಟು ಕಾಸಿ, ತಪ್ಪಿತಸ್ಥರ ಹೆಸರಿದ್ದ ಕಡೆಯಲ್ಲೆಲ್ಲ ಪಟ್ಟಿ ಹಚ್ಚಿ, 'ಅಧಿಕಾರಿ ಸಂಖ್ಯೆ ಒಂದು' ಎಂದು ಬರೆದು, ಬಾಯಾರ ಟೇಬಲ್ಲಿನ ಮೇಲಿಟ್ಟೆ. ಬೇರೆಯವರ ಟೇಬಲ್ಲು ಇರಲಿಲ್ಲ. ತೀರ್ಮಾನ ಮಾಡುವವರು ಅವರೊಬ್ಬರೇ.

ಅವರು ಮೊದಲಿಂದ ಕೊನೆಯವರೆಗೆ ಓದಿದರು. ಯಾರ ಕಡತವನ್ನಾದರೂ ಓದುವಂತೆಯೇ, ಪೆನ್ಸಿಲಿನಿಂದ ಅಲ್ಲಲ್ಲಿ ಗೆರೆ ಎಳೆದರು.

"ಏಳನೇ ನಿಯಮ ಏನು ಹೇಳ್ತದ ಮುರಿಗೆಪ್ಪನವರ?"

"ಹೆಸರಿನಿಂದ ನೀರು ಕರೆದವರು, ಯಾರೇ ಆಗಿರಲಿ..." ನಾನು ಕೈಮುಗಿದೆ. "ಬಾಯಾರ, ನಲವತ್ತು ದಿನ ನೀರಿರಲಿಲ್ಲ. ಅದನ್ನ ಬರೀಬಹುದಲ್ರಿ. ವಿನಾಯಿತಿ ಅಂತ."

"ಈ ಅಧಿಕಾರಿಗೆ ವಿನಾಯಿತಿ ಯಾಕ? ಇವರು ಯಾರಿಗರ ಕೊಟ್ಟಿದ್ರೇನು?"

ಸಹಿ ಮಾಡಿದರು. ನಾನು ಒದ್ದೆ ಬಟ್ಟೆ ತಂದು ಪಟ್ಟಿ ಬಿಡಿಸಿದೆ. ಗಟ್ಟಿ ಅಂಟು, ಬಿಡಲು ಹೊತ್ತಾಯಿತು. ಅವರು ತಮ್ಮ ಹೆಸರನ್ನು ಓದಿದರು. ಲೋಟದಲ್ಲಿದ್ದ ನೀರು ಕುಡಿದರು. "ಟಪಾಲಿಗೆ ಹಾಕ್ರಿ," ಎಂದು ಎದ್ದು, ಕುರ್ಚಿಯನ್ನು ಟೇಬಲ್ಲಿಗೆ ಸರಿಸಿಟ್ಟು ಹೋದರು.

ಮರುದಿನ ಐವತ್ತೆಂಟಕ್ಕೆ ನೀರು ಹೋಗಲಿಲ್ಲ. ಹೊಸದಾಗಿ ಬಂದ ವ್ಯವಸ್ಥಾಪಕರು ಮೆತ್ತಗಿನ ಮನುಷ್ಯ. ಒಂದು ಮನೆಗೆ ಮಾತ್ರ ಹೆಸರಿನ ಅನುಮತಿ ಕೊಡಿ ಎಂದು ಗಿರಣಿ ಓಣಿಯ ಹೆಂಗಸರೇ ಬಂದು ಕೇಳಿದ್ದರಿಂದ ಒಪ್ಪಿದರು. ಆದರೆ ಯಾವ ಹೆಸರು? ಹಜರೇಸಾಬರು ದುಂಡಪ್ಪಾ ಎಂದರು, ದುಂಡಣ್ಣಾ ಎಂದರು, ಸಾಹುಕಾರ್ರ ಎಂದರು, ಗಂಟಲು ಹರಿಯುವಂತೆ ಚೀಟಿ ದುಂಡಪ್ಪಾ ಎಂದರು. ಏನೂ ಇಲ್ಲ.

"ಬರೇ ಅಣ್ಣಾ ಅಂದಿರಬಹುದಲ್ರಿ?" ಎಂದೆ ನಾನು.

"ಅಣ್ಣಾ ಅಂದಿದ್ರ ಊರಾಗಿನ ಅರ್ಧಾ ನಳಾ ಬಂದಬಿಡ್ತಿದ್ವು," ಎಂದರು ಹಜರೇಸಾಬರು. "ಇದು ಬ್ಯಾರೆ ಏನೋ ಅದ. ಸಣ್ಣವರಿದ್ದಾಗಿಂದು."

ಬಾಯಾರ ಮನೆಗೆ ಹೋಗಿ ಕೇಳಿದೆವು. ಅವರು ಹೆಸರು ಹೇಳಲಿಲ್ಲ. "ನಾನ ಬರ್ತೀನಿ," ಎಂದರು. ಅಂದಿನಿಂದ ದಿನವೂ ಬೆಳಿಗ್ಗೆ ಬರುತ್ತಾರೆ. ಪುಕ್ಕಟೆ ಕೆಲಸ ಮಾಡಿಸಿಕೊಳ್ಳಲು ನಿಯಮ ಒಪ್ಪುವುದಿಲ್ಲವಾದ್ದರಿಂದ, ಕಂಪನಿಯ ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ 'ಇಂದುಮತಿ ಸಂಕಣ್ಣವರ, ಕೂಗುವವರು, ಒಂದು ಮನೆ, ದಿನಗೂಲಿ' ಎಂದು ನಾನೇ ಬರೆದೆ. ಆ ಹೆಸರಿನ ಮೇಲೆ ಪಟ್ಟಿ ಹಚ್ಚಬೇಕೇ ಎಂದು ಕೇಳಿದಾಗ ಅವರು ನಕ್ಕರು. ಆರುನೂರಾ ಮೂವತ್ತೊಂಬತ್ತು ಸಂಖ್ಯೆ ಕೂಗಿ ಮುಗಿದ ಮೇಲೆ ನಾವೆಲ್ಲ ಇಳಿದು ಬೇವಿನ ಮರದ ಆಚೆ ನಿಲ್ಲುತ್ತೇವೆ. ಅವರು ಏರುತ್ತಾರೆ, ಮಂಡಿಯೂರುತ್ತಾರೆ, ಪೈಪು ಝುಂ ಎನ್ನುತ್ತದೆ, ಇಳಿದು ಸಹಿ ಮಾಡಿ ಹೋಗುತ್ತಾರೆ. ಈಗ ಐವತ್ತೆಂಟಕ್ಕೆ ತಳದ ಕೆಂಪು ನೀರೇ ಹೋಗುವುದು. ಸರದಿ ಮುರಿಯಬಾರದು, ತಮ್ಮ ಕೂಗು ಕೊನೆಗೇ ಇರಲಿ ಎಂದು ಬಾಯಾರೇ ಹಟ ಹಿಡಿದರು. ದುಂಡಪ್ಪನವರಿಂದ ಈವರೆಗೆ ದೂರು ಬಂದಿಲ್ಲ.

ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಪಟ್ಟಿ ಎದ್ದ ದಿನ ಬಾಯಾರು ಹೆಸರು ನೋಡಿದರೋ, ಮೊದಲೇ ಗೊತ್ತಿತ್ತೋ ತಿಳಿಯದು. ಅಣ್ಣ ತಂಗಿ ಈಗ ಮಾತಾಡುತ್ತಾರೆಯೇ ಎಂದು ಕೇಳುವ ಧೈರ್ಯ ನನಗಾಗಿಲ್ಲ. ಅವರು ಕೂಗುವ ಹೆಸರು ಏನೆಂಬುದೂ ತಿಳಿಯದು. ಆದರೆ ಕರೆಯುವವರೂ ಓಗೊಡುವವರೂ ಇಲ್ಲದ ಹೆಸರಿಗೆ ನಮ್ಮೂರಿನಲ್ಲಿ ನೀರು ಬರುವುದಿಲ್ಲ. ಹದಿನೇಳು ವರ್ಷ ಬಾಯಾರು ಆ ಹೆಸರನ್ನು ಎಲ್ಲಿ ಕುಳಿತು, ಯಾವ ಹೊತ್ತಿನಲ್ಲಿ ಕರೆಯುತ್ತಿದ್ದರು, ಗಿರಣಿ ಓಣಿಯಲ್ಲಿದ್ದ ದುಂಡಪ್ಪನವರು ಹೇಗೆ ಓ ಎನ್ನುತ್ತಿದ್ದರು ಎಂಬುದು ಪಕ್ಕದ ಟೇಬಲ್ಲಿನಲ್ಲೇ ಕುಳಿತಿದ್ದ ನನಗೆ ಗೊತ್ತಿಲ್ಲ.